ಅಡಿ ನೋಡಿ ಕೊಳ್ಳೋಣ

ಅಮೆರಿಕದ ಮಿನೆಸೋಟದಲ್ಲಿ ಸರೋವರಗಳು ಹೆಪ್ಪುಗಟ್ಟಿದಾಗ ಮೀನು ಹಿಡಿಯುವ ಹವ್ಯಾಸಿಗಳು ಚಕ್ರದ ಮನೆಗಳನ್ನು ಮಂಜುಗಡ್ಡೆಯ ಮೇಲಕ್ಕೆ ಎಳೆದೊಯ್ಯುತ್ತಾರೆ. ಮನೆಯನ್ನು ಗಡ್ಡೆಗೆ ತಾಗುವಂತೆ ಇಳಿಸಿ, ನೆಲದ ರಂಧ್ರಗಳಿಂದ ಗಾಳ ಬಿಡುತ್ತಾರೆ. ಇಂಥ ಮನೆಯನ್ನು ಕೊಳ್ಳುವವರು ಒಳಗಿನ ಹಾಸಿಗೆ, ಟಿವಿಗಳಿಗೆ ಮರುಳಾಗದೆ ಮೊದಲು ಬಗ್ಗಿ ಅಡಿಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಚೌಕಟ್ಟಿನ ಬೆಸುಗೆ ಬಿರುಕಿಲ್ಲದೆ ಇದೆಯೇ? ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ತುಕ್ಕು ಹಿಡಿಯದಂತೆ ಲೇಪನವಿದೆಯೇ? ಗೋಡೆಯೊಳಗಿನ ಉಷ್ಣನಿರೋಧಕ ನೊರೆಯಲ್ಲಿ ಸಂದುಗಳಿದ್ದರೆ ಉಸಿರಿನ ತೇವವೇ ನೀರಾಗಿ ಮರವನ್ನು ಕೊಳೆಸುತ್ತದೆ. ಪ್ರೊಪೇನ್ ಹೀಟರಿನ ಹೊಗೆ ಹೊರಹೋಗದಿದ್ದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ನಿದ್ದೆಯಲ್ಲೇ ಕೊಲ್ಲಬಲ್ಲದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಟೈಲ್ಸಿನ ಹೊಳಪಿಗೆ ಸೋತು ಫ್ಲ್ಯಾಟು ಕೊಳ್ಳುವ ನಮಗೂ ಈ ಮಾತು ಸಲ್ಲುತ್ತದೆ. ಅಡಿಯನ್ನು ತೋರಿಸಲು ಹಿಂಜರಿಯುವ ವ್ಯಾಪಾರಿಗೆ ಮುಂಗಡ ಕೊಡಬಾರದು.