ಮಾಸ್ಕೋದ ಯುದ್ಧ, ನಮ್ಮ ಮಕ್ಕಳು
2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ರಷ್ಯಾದ ಶೆಲ್ ದಾಳಿಗೆ ಬಲಿಯಾದ. ಮೂರೇ ದಿನಕ್ಕೆ, ತನ್ನ ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹಬ್ಬಿಸಿದವರಿಗೆ 15 ವರ್ಷದವರೆಗೆ ಜೈಲು ಎಂಬ ಕಾನೂನನ್ನು ರಷ್ಯಾ ತಂದಿತು. ಇವೆರಡೂ ಒಂದೇ ರಾಜಕಾರಣದ ಫಲ. 2020ರಲ್ಲಿ ಸಂವಿಧಾನ ತಿದ್ದಿದ ಪುಟಿನ್ 2036ರವರೆಗೂ ಅಧ್ಯಕ್ಷರಾಗಿರಲು ದಾರಿ ಮಾಡಿಕೊಂಡರು. ಅವರನ್ನು ಎದುರಿಸಿ ನಿಂತ ಅಲೆಕ್ಸಿ ನವಾಲ್ನಿ 2024ರ ಫೆಬ್ರವರಿಯಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಮನೆಯೊಳಗೆ ಕೇಳುವವರಿಲ್ಲದ ಆಡಳಿತಕ್ಕೆ ಹೊರಗೆ ಯಾರ ಮಕ್ಕಳು ಸತ್ತರೂ ಲೆಕ್ಕವಿಲ್ಲ. ಸಹಾಯಕರ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದ ಕಲಬುರಗಿಯ ಯುವಕರನ್ನು ಅದೇ ಯುದ್ಧಭೂಮಿಗೆ ನೂಕಲಾಯಿತು; 2024ರ ಸೆಪ್ಟೆಂಬರಿನಲ್ಲಿ ಅವರು ಜೀವಂತ ಊರಿಗೆ ಮರಳಿದ್ದೇ ದೊಡ್ಡ ಪುಣ್ಯ. ನಮ್ಮ ಹಿರಿಯಡ್ಕ, ಕಾಪು, ಕಾರ್ಕಳದ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಪರದೇಶಕ್ಕೆ ಹೋಗುತ್ತಾರೆ. ಕಳುಹಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡವನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಕರಾರು ಪತ್ರವನ್ನು ಅರ್ಥವಾಗುವ ಭಾಷೆಯಲ್ಲಿ ಓದಿಸಿಕೊಳ್ಳದೆ ಮಕ್ಕಳಿಂದ ಸಹಿ ಹಾಕಿಸಬೇಡಿ.