ನನ್ನ ಹೆಸರು ಪ್ರಗ್ಯಾ ಅಲ್ಲ

ನನ್ನ ಹೆಸರು ಪ್ರಜ್ಞಾ. ಇಂಗ್ಲಿಷಿನಲ್ಲಿ ಜೆ, ಎನ್ ಹಾಕಿ ಬರೆಯುತ್ತೇನೆ. ಮೇಲ್ ಐಡಿಯಲ್ಲೂ ಸಹಿಯಲ್ಲೂ ಹಾಗೇ ಇದೆ. ಆದರೂ ನಮ್ಮ ಬೆಂಗಳೂರಿನ ಆಫೀಸಿನಲ್ಲಿ ಮೂರು ವರ್ಷದಿಂದ ಬರುವ ಉತ್ತರಗಳು ಜಿ, ವೈ ಹಾಕಿಕೊಂಡು ‘ಹಾಯ್ ಪ್ರಗ್ಯಾ’ ಎಂದೇ ಶುರುವಾಗುತ್ತವೆ.

ಜ್ಞ ತೊಡಕಿನ ಅಕ್ಷರ, ಒಪ್ಪುತ್ತೇನೆ. ಹಿಂದಿಯವರು ‘ಗ್ಯ’ ಎನ್ನುತ್ತಾರೆ, ಮರಾಠಿಯವರು ‘ದ್ನ್ಯ’. ನಾವೇನು ಕಡಿಮೆ? ಜ್ಞ ಎಂದು ಬರೆದು ‘ಗ್ನ್ಯ’ ಎಂದು ಓದುತ್ತೇವೆ. ನಾಲಿಗೆ ಹೇಗೆ ಹೊರಳಿದರೂ ನನ್ನ ತಕರಾರಿಲ್ಲ. ಬೆರಳಿಗೇನಾಗಿದೆ? ಕಣ್ಣೆದುರೇ ಇರುವ ಆರು ಅಕ್ಷರ ನೋಡಿ ಒತ್ತಲು ಯಾವ ಭಾಷೆಯೂ ಬರಬೇಕಿಲ್ಲ. ಪೋಲೆಂಡಿನ ಗ್ರಾಹಕರೊಬ್ಬರ ಹೆಸರಿನಲ್ಲಿ ಎಸ್, ಝೆಡ್, ಸಿ, ಝೆಡ್ ಸಾಲಾಗಿ ಬರುತ್ತವೆ. ಇದೇ ಮಂದಿ ಅದನ್ನು ಒಮ್ಮೆಯೂ ತಪ್ಪು ಬರೆದಿಲ್ಲ. ಅವರು ದುಡ್ಡು ಕೊಡುವವರಲ್ಲವೇ!

‘ಅಡ್ಜಸ್ಟ್ ಮಾಡ್ಕೊಳ್ರೀ, ಅರ್ಥ ಒಂದೇ ಅಲ್ವಾ’ ಎಂದರು ಟೀಮ್ ಲೀಡ್. ಅವರೂ ಕನ್ನಡದವರೇ. ಅರ್ಥ ನೋಡಲು ನಿಘಂಟಿದೆ ಸರ್, ನಾನು ಮನುಷ್ಯಳು.

ಕಳೆದ ತಿಂಗಳು ನನ್ನ ಕೆಲಸಕ್ಕೆ ಕೊಟ್ಟ ಪ್ರಶಂಸಾಪತ್ರವೂ ಪ್ರಗ್ಯಾ ಹೆಸರಿಗೇ ಅಚ್ಚಾಗಿತ್ತು. ಅಮ್ಮ ನೋಡಿ, ‘ಯಾರೇ ಇವಳು?’ ಎಂದಳು.

ಆ ರಾತ್ರಿ ಸಿಟ್ಟಿನಲ್ಲಿ ಹಳೆಯ ಮೇಲ್‌ಗಳನ್ನು ಕೆದಕಿದೆ. ಪಕ್ಕದ ಸೀಟಿನ ತಮಿಳು ಸಹೋದ್ಯೋಗಿಯ ಹೆಸರಿನಲ್ಲಿ ೞಕಾರವಿದೆ (ಹಳಗನ್ನಡದಲ್ಲಿ ನಮಗೂ ಇತ್ತು, ಕಳೆದುಕೊಂಡೆವು). ಅವಳು ಅದನ್ನು ಝೆಡ್, ಎಚ್ ಹಾಕಿ ಬರೆಯುತ್ತಾಳೆ. ನಾನು ಎರಡು ವರ್ಷ ಬರೀ ಎಲ್ ಹಾಕಿ ಕಳಿಸಿದ್ದೇನೆ. ಅವಳು ಒಮ್ಮೆಯೂ ತಿದ್ದಿರಲಿಲ್ಲ.

ಬೆಳಿಗ್ಗೆ ಹೋಗಿ ಅವಳಲ್ಲಿ ತಪ್ಪಾಯಿತೆಂದೆ. ಪ್ರಶಂಸಾಪತ್ರವನ್ನು ಎಚ್‌ಆರ್‌ಗೆ ವಾಪಸ್ ಕೊಟ್ಟೆ. ಹೊಸದು ಇನ್ನೂ ಬಂದಿಲ್ಲ.