ಮಾರ್ಕನ ಕೈಬಿಡದ ಬಾರ್ನಬರು



ಜೂನ್ 11 ಸಂತ ಬಾರ್ನಬರ ಹಬ್ಬ. ಪೇತ್ರ, ಪೌಲರ ಹಬ್ಬಕ್ಕಿರುವ ಸಡಗರ ಅಂದು ಇರುವುದಿಲ್ಲ. ಅವರು ಹನ್ನೆರಡು ಮಂದಿಯಲ್ಲಿ ಒಬ್ಬರಲ್ಲ. ಅವರ ಹೆಸರಿನ ಒಂದು ಪತ್ರವೂ ಹೊಸ ಒಡಂಬಡಿಕೆಯಲ್ಲಿಲ್ಲ. ಆದರೂ 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ 14ನೇ ಅಧ್ಯಾಯ ಅವರನ್ನು ಪೌಲರ ಜೊತೆಗೇ ಪ್ರೇಷಿತರೆಂದು ಕರೆಯುತ್ತದೆ. ನಮ್ಮ ಯುವಜನ ಸಂಘಗಳಿಗೆ ಇಂದು ಪೌಲರಷ್ಟೇ ಬಾರ್ನಬರೂ ಬೇಕು ಎಂಬುದು ನನ್ನ ಅಭಿಪ್ರಾಯ.

ಅವರ ಮೊದಲ ಹೆಸರು ಜೋಸೆಫ್. ಸೈಪ್ರಸ್ ದ್ವೀಪದ ಲೇವಿ ಕುಲದವರು. ತಮ್ಮ ಹೊಲ ಮಾರಿ, ಬಂದ ಹಣವನ್ನು ಪ್ರೇಷಿತರ ಪಾದದ ಬಳಿ ಇಟ್ಟರು. 'ಬಾರ್ನಬ' ಪ್ರೇಷಿತರು ಅವರಿಗೆ ಇಟ್ಟ ಹೆಸರು. ಧೈರ್ಯ ತುಂಬುವವನು ಎಂದು ಅದರ ಭಾವ.

ಆ ಹೆಸರಿಗೆ ತಕ್ಕಂತೆ ನಡೆಯುವ ಸಂದರ್ಭ ಬಂತು. ಕ್ರಿಸ್ತನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲ, ಮನಪರಿವರ್ತನೆಯಾಗಿ ಜೆರುಸಲೇಮಿಗೆ ಬಂದಾಗ ಶಿಷ್ಯರು ಹೆದರಿದರು, ನಂಬಲಿಲ್ಲ. ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ, ಸ್ತೇಫನರನ್ನು ಕಲ್ಲೆಸೆದು ಕೊಂದದ್ದಕ್ಕೆ ಸಮ್ಮತಿಸಿದ್ದವನು ಆತ. ಬಾರ್ನಬರು ಮಾತ್ರ ಆತನನ್ನು ಪ್ರೇಷಿತರ ಬಳಿಗೆ ಕರೆದೊಯ್ದರು. ಮುಂದೆ ಅಂತಿಯೋಕ್ಯದಲ್ಲಿ ಸಭೆ ಬೆಳೆದಾಗ ತಾರ್ಸಕ್ಕೆ ಹೋಗಿ, ಹುಡುಕಿ ಕರೆತಂದರು. ಇಬ್ಬರೂ ಒಂದು ವರ್ಷ ಅಲ್ಲಿ ಬೋಧಿಸಿದರು. ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲೇ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮಾರ್ಕನ ವಿಷಯ. ಮೊದಲ ಧರ್ಮಪ್ರಚಾರ ಪ್ರಯಾಣದಲ್ಲಿ ಜೊತೆಗಿದ್ದ ಈ ಯುವಕ ಪೆರ್ಗದಿಂದ ಅರ್ಧಕ್ಕೇ ಹಿಂದಿರುಗಿದ. ಎರಡನೇ ಸಲ ಅವನನ್ನು ಕರೆದೊಯ್ಯೋಣ ಎಂದರು ಬಾರ್ನಬರು. ಬೇಡವೆಂದರು ಪೌಲರು. ಮಾತು ಬೆಳೆದು ಇಬ್ಬರೂ ಬೇರೆಯಾದರು. ಪೌಲರು ಸೀಲನೊಡನೆ ಹೊರಟರೆ, ಬಾರ್ನಬರು ಮಾರ್ಕನನ್ನು ಕರೆದುಕೊಂಡು ತಮ್ಮ ಸೈಪ್ರಸಿಗೆ ಹಡಗು ಹತ್ತಿದರು. ಅಲ್ಲಿಂದ ಮುಂದೆ ಆ ಗ್ರಂಥದಲ್ಲಿ ಬಾರ್ನಬರ ಸುದ್ದಿಯೇ ಇಲ್ಲ.

ಮಾರ್ಕ ಬಂಧುವಾದ್ದರಿಂದ ವಹಿಸಿಕೊಂಡರು ಎನ್ನಬಹುದು. ಬಂಧುವೆಂಬುದು ನಿಜ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೇ ಅದಿದೆ. ಆದರೆ ಫಲ ನೋಡಿ. ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ, ಸೆರೆಯಲ್ಲಿದ್ದ ಪೌಲರು ಸೇವೆಗೆ ಮಾರ್ಕನೇ ಬೇಕೆಂದು ಕೇಳಿಕೊಳ್ಳುತ್ತಾರೆ. ಎರಡನೆಯ ಶುಭಸಂದೇಶವನ್ನು ಬರೆದವರು ಇದೇ ಸಂತ ಮಾರ್ಕರು ಎಂಬುದು ಧರ್ಮಸಭೆಯ ಪರಂಪರೆ. ಬಾರ್ನಬರು ಪತ್ರ ಬಿಟ್ಟುಹೋಗದಿದ್ದರೂ ಪೌಲರನ್ನೂ ಮಾರ್ಕರನ್ನೂ ಧರ್ಮಸಭೆಗೆ ಉಳಿಸಿಕೊಟ್ಟರು.

ನಮ್ಮ ಧರ್ಮಕೇಂದ್ರಗಳಲ್ಲೂ ಅರ್ಧಕ್ಕೆ ಬಿಟ್ಟವರಿದ್ದಾರೆ. ಗಾನವೃಂದ ಬಿಟ್ಟವರು, ಕೆಲಸಕ್ಕೆಂದು ಊರು ಬಿಟ್ಟು ಎರಡು ವರ್ಷ ಬಲಿಪೂಜೆಯನ್ನೇ ಮರೆತವರು. ಒಂದು ಭಾನುವಾರ ಅವರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೆ ನಮ್ಮ ಮೊದಲ ಮಾತು, "ಏನು, ಈಗ ನೆನಪಾಯಿತಾ?" ಮುಂದಿನ ಭಾನುವಾರ ಆ ಜಾಗ ಖಾಲಿ.

ಶಿಸ್ತು ಬೇಡವೆಂದಲ್ಲ. ಅರ್ಧಕ್ಕೆ ಬಿಡುವವರಿಗೆ ಕೆಲಸ ಒಪ್ಪಿಸುವುದು ಹೇಗೆ ಎಂಬ ಪೌಲರ ಚಿಂತೆ ನ್ಯಾಯವಾದದ್ದೇ. ಆದರೆ ಬಾರ್ನಬರು ಮಾರ್ಕನಿಗೆ ಕೆಲಸ ಒಪ್ಪಿಸಿ ದೂರ ನಿಲ್ಲಲಿಲ್ಲ, ತಾವೂ ಜೊತೆಗೆ ಹೋದರು. ನಾವು ತಪ್ಪುವುದು ಅಲ್ಲೇ. "ಬಂದರೆ ಬರಲಿ" ಎಂದು ಬಾಗಿಲು ತೆರೆದಿಟ್ಟರೆ ಸಾಕೆಂದುಕೊಳ್ಳುತ್ತೇವೆ.

ನಿಮ್ಮ ಸಂಘದ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ. ಈಗ ಬಾರದಿರುವ ಒಬ್ಬರ ಮನೆಗೆ ಬಾರ್ನಬರ ಹಬ್ಬದೊಳಗೆ ಹೋಗಿ. ಬಾರದ್ದಕ್ಕೆ ಕಾರಣ ಕೇಳಬೇಡಿ. ಮುಂದಿನ ಭಾನುವಾರ ಜೊತೆಯಲ್ಲೇ ಹೋಗೋಣ ಎನ್ನಿ.